ಪುಟ ಇಪ್ಪತ್ತೇಳು

ತಿಂಗಳಿಗೆರಡು ಬುಧವಾರ
ಲೈಬ್ರರಿಯ ವ್ಯಾನು ಓಡಿಸುತ್ತೇನೆ ನದಿಯ ಗುಂಟ,
ನ್ಯೂ ಹ್ಯಾಂಪ್‌ಶೈರಿನ ನೆತ್ತಿಯ ಕಡೆಗೆ,
ಕಾಗದದ ಗಿರಣಿ ಮುಚ್ಚಿದ ಊರುಗಳಿಗೆ.
ಇಲ್ಲಿ ಐದು ತಿಂಗಳು ಚಳಿಗಾಲ,
ಮಿಕ್ಕಿದ್ದು ಅದರ ತಯಾರಿ.

ಕೊನೆಯ ನಿಲುಗಡೆ ಸೇಂಟ್ ಆ್ಯನ್ ಚರ್ಚಿನ ಹಿಂದೆ.
ಅಲ್ಲಿ ನಿಂತಿರುತ್ತಾನೆ ಒನೆಸಿಮ್ ಪೊಮರ್ಲೋ,
ಮೂರೇ ಬೆರಳಿನ ಬಲಗೈಯಲ್ಲಿ ಚೀಲ ಹಿಡಿದು.
ಉಳಿದೆರಡು ಎಲ್ಲಿ ಎಂದು ಒಮ್ಮೆ ಕೇಳಿದ್ದೆ.
‘ನಾವು ಕಾಗದ ಮಾಡಿದವರಲ್ಲವೇ,
ನಿನ್ನ ಯಾವುದೋ ಪುಸ್ತಕದಲ್ಲಿರಬೇಕು, ಹುಡುಕು.’

ಅವನು ಓದುವುದು ಒಬ್ಬನನ್ನೇ.
ಬೆನ್ನಟ್ಟೆಯ ಮೇಲೆ ನಾಯಿಯ ಜೊತೆ ನಿಂತು
ನಾಯಿಗಿಂತ ಕಡಿಮೆ ನಗುವ ಆ ದೆವ್ವದ ಕಾದಂಬರಿಕಾರ,
ವರುಷಕ್ಕೊಂದು ಇಟ್ಟಿಗೆ ಸುಡುವವನು.
ಹೆಸರು ಹಿಡಿದು ಕೇಳಿದ್ದೇ ಇಲ್ಲ:
‘ಬಾವಿಯದು ವಾಪಸು ಬಂತೇ?’
‘ಆ ಹಲ್ಲಿನ ಡಾಕ್ಟರದು?’
‘ಹೆಪ್ಪುಗಟ್ಟಿದ ಕೆರೆಯ ಅಡಿಯಿಂದ ತಟ್ಟುತ್ತಾರಲ್ಲ, ಅವರದು?’
ಅಚ್ಚುಮೆಚ್ಚಿನವು ಯಾವುವೆಂದರೆ ಬೆರಳು ಮಡಚುತ್ತಾನೆ,
ಪಟ್ಟಿ ಮೂರಕ್ಕೇ ಮುಗಿದುಹೋಗುತ್ತದೆ.

ಓದಿದ್ದಕ್ಕೆ ಗುರುತು:
ಇಪ್ಪತ್ತೇಳನೇ ಪುಟದ ಅಂಕಿಯ ಕೆಳಗೆ
ಪೆನ್ಸಿಲಿನದೊಂದು ಗೀಟು.
ಇಂಥ ಕಳ್ಳಗುರುತು ಹಲವರದು ಇರುತ್ತದೆ.
ಅಳಿಸುವುದು ನನ್ನ ಕೆಲಸ. ಅಳಿಸುವುದಿಲ್ಲ.
ಡಾಕ್ಟರನಿಗೆ ನಾಲ್ಕು ಗೀಟು, ಬಾವಿಗೆ ಹನ್ನೊಂದು,
ಏಣಿಯ ಹಾಗೆ ಕೆಳಗಿಳಿಯುತ್ತವೆ.

ಹೆಂಡತಿ ಫಿಲೊಮೆನ್ ವ್ಯಾನಿನ ಮೆಟ್ಟಿಲು ಹತ್ತಿದವಳಲ್ಲ.
ಹಿಮದಲ್ಲೇ ನಿಂತು ಕೂಗುತ್ತಿದ್ದಳು:
‘ನಿನ್ನ ಪೀಡೆಗಳು ಮಲಗುವ ಕೋಣೆಗೆ ಬರಕೂಡದು!’
ಹಾಗಾಗಿ ಅವು ರಾತ್ರಿ ಕಳೆಯುತ್ತಿದ್ದದ್ದು
ಅಡುಗೆಮನೆಯಲ್ಲಿ, ಬ್ರೆಡ್ಡಿನ ಡಬ್ಬಿಯೊಳಗೆ.
ಎರಡು ಕೊಲೆಗಳ ನಡುವೆ
ನನಗೆಷ್ಟೋ ಸಲ ರೊಟ್ಟಿಯ ಚೂರು ಸಿಕ್ಕಿದೆ.

ಹೋದ ನವೆಂಬರಿನಲ್ಲಿ ಅವಳು ತೀರಿಕೊಂಡಳು.
ಮೂರು ಬುಧವಾರ ಅವನು ಬರಲಿಲ್ಲ.
ನಾಲ್ಕನೆಯದಕ್ಕೆ ಬಂದ,
ಹಲ್ಲಿನ ಡಾಕ್ಟರನ್ನು ಬಿಚ್ಚಿ ಮೂತಿಗೆ ಹಿಡಿದ:
‘ಇದೇನು ಹೇಳು.’
ಅವನ ಗೀಟುಗಳ ಪಕ್ಕದಲ್ಲಿ,
ಏಳರ ಕಂಕುಳಲ್ಲಿ, ಒಂದು ಸೊನ್ನೆ. ಸಾಸಿವೆಯಷ್ಟು.
‘ಬೇರೆ ಯಾರದೋ ಇರಬೇಕು.’
‘ನೀಲಿ. ಹೊಲಿಗೆಯ ಪೆನ್ಸಿಲು. ನಮ್ಮ ಮನೆಯದು.’

ಆಮೇಲೆ ಒಂದೊಂದೇ ಎಲ್ಲವನ್ನೂ ಒಯ್ದ.
ಓದಲಿಕ್ಕಲ್ಲ.
ಬಾವಿಗೆ ಎರಡು ಸೊನ್ನೆ.
ಕೆರೆಯದಕ್ಕೆ ಅರ್ಧ,
ಬಾಯಿ ತೆರೆದು ನಿಂತುಬಿಟ್ಟ ಸೊನ್ನೆ.
‘ಹೆದರಿದಳು! ಮುಗಿಸಲಿಲ್ಲ ನೋಡು!’
ಎಂದು ನಕ್ಕವನು ನಗು ಮುಗಿಸದೆ
ಶೆಲ್ಫಿಗೆ ಭುಜ ಒರಗಿಸಿ ನಿಂತ.

‘ರಾತ್ರಿಪಾಳಿ ಮುಗಿಸಿ ಬರುತ್ತಿದ್ದೆನಲ್ಲ,
ಮನೆಯ ದೀಪವೆಲ್ಲ ಉರಿಯುತ್ತಿರುತ್ತಿತ್ತು.
ಮೇಲಟ್ಟದ್ದೂ, ಕೋಳಿಗೂಡಿನದೂ.
ನಾನು ಕರೆಂಟಿನ ಬಿಲ್ಲಿಗೆ ಜಗಳವಾಡುತ್ತಿದ್ದೆ.
ಮರೆತೆ ಎನ್ನುತ್ತಿದ್ದಳು.
ಇಪ್ಪತ್ತು ವರುಷ ಮರೆತೆ, ಮರೆತೆ ಎಂದಳು.’

ಮಾರ್ಚಿಗೆ ಹೊಸದು ಬಂತು, ಇನ್ನೂ ಅಂಟಿನ ವಾಸನೆ.
ಸರದಿಯಲ್ಲಿ ಹತ್ತೊಂಬತ್ತು ಜನ ಕಾದಿದ್ದರು.
ನಿಯಮ ಮುರಿದು ಇವನಿಗೇ ಮೊದಲು ತಂದೆ.
ನಿಂತಲ್ಲೇ ತೆರೆದ, ಇಪ್ಪತ್ತೇಳಕ್ಕೆ.
ತುಂಬ ಹೊತ್ತು ನೋಡಿದ.
ಅಷ್ಟು ಖಾಲಿ ಜಾಗ
ಕಾಗದ ಮಾಡಿದವನೂ ಕಂಡಿರಲಿಕ್ಕಿಲ್ಲ.
‘ಚೆನ್ನಾಗಿಯೇ ಇರುತ್ತೆ ಬಿಡು,’ ಎಂದು ಮರಳಿಸಿದ,
‘ಬಾವಿಯದು ಕೊಡು. ಹರಿದಿದ್ದರೂ ಆಯಿತು.’

ವ್ಯಾನು ತಿರುಗಿಸಲು ಅವನ ಮನೆಯ ಮುಂದೆಯೇ ಹೋಗಬೇಕು.
ಮಧ್ಯಾಹ್ನ ಮೂರು ಗಂಟೆ, ಹಿಮದ ಮೇಲೆ ಕಣ್ಣು ಕುಕ್ಕುವ ಬಿಸಿಲು.
ದೀಪವೆಲ್ಲ ಉರಿಯುತ್ತಿದ್ದವು.
ಮೇಲಟ್ಟದ್ದೂ.
ಕೋಳಿಗಳಿಲ್ಲದ ಗೂಡಿನದೂ.